ಪ್ರಾರ್ಥನೆಯಲ್ಲಿ ಈಗ ಏನೂ ಅನ್ನಿಸುವುದಿಲ್ಲ, ನಾನು ನಂಬಿಕೆಯಲ್ಲಿ ಬೆಳೆಯುತ್ತಿದ್ದೇನಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ದೀಕ್ಷಾಸ್ನಾನ ಆಗಿ ಕೆಲವು ವರ್ಷಗಳಾಗಿವೆ. ಮೊದಮೊದಲು ಪ್ರಾರ್ಥನೆಗೆ ಕೂತರೆ ಕಣ್ಣು ತುಂಬಿ ಬರುತ್ತಿತ್ತು, ಈಗ ಬರೀ ಮಾತು ಉಳಿದಿದೆ ಎಂದಿದ್ದೀರಿ. ಕೋಪ ಹಾಗೇ ಇದೆ. ಸಭೆಯಲ್ಲಿ ಬೇರೆಯವರ ಸಾಕ್ಷಿ, ಅಂದರೆ ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಅವರು ಹೇಳುವುದನ್ನು ಕೇಳಿದರೆ ನೀವೊಬ್ಬರೇ ಹಿಂದೆ ಬಿದ್ದ ಹಾಗೆ ಅನ್ನಿಸುತ್ತದೆ. ಅಣ್ಣನ ಜೊತೆ ಮಾತು ನಿಂತು ತುಂಬಾ ದಿನವಾಯಿತು ಎಂದು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ನಂಬಿಕೆ ಜಾಸ್ತಿಯಾಗಲು ಏನು ಮಾಡಬೇಕು ಅನ್ನುವುದು ನಿಮ್ಮ ಪ್ರಶ್ನೆ.

ಶಿಷ್ಯರೂ ಯೇಸುವನ್ನು ಇದನ್ನೇ ಕೇಳಿದ್ದರು. ಲೂಕನ ಸುವಾರ್ತೆಯ 17ನೇ ಅಧ್ಯಾಯ ತೆಗೆದು ನೋಡಿ. ನಮ್ಮ ನಂಬಿಕೆಯನ್ನು ಹೆಚ್ಚಿಸು ಎಂದು ಅವರು ಬೇಡಿಕೊಳ್ಳುತ್ತಾರೆ. ಅದಕ್ಕಿಂತ ಸ್ವಲ್ಪ ಮುಂಚೆ ಯೇಸು ಏನು ಹೇಳಿದ್ದ ಗೊತ್ತಾ? ನಿನ್ನ ಸಹೋದರ ದಿನಕ್ಕೆ ಏಳು ಸಲ ತಪ್ಪು ಮಾಡಿ, ಏಳು ಸಲವೂ ಬಂದು ಕ್ಷಮೆ ಕೇಳಿದರೆ ಕ್ಷಮಿಸಬೇಕು ಎಂದು. ಅದನ್ನು ಕೇಳಿಯೇ ಶಿಷ್ಯರು ಬೆಚ್ಚಿಬಿದ್ದರು ಅಂತ ನನಗೆ ಅನ್ನಿಸುತ್ತದೆ. ಇವರು ರೋಗಿಗಳನ್ನು ಗುಣಪಡಿಸಿದವರು, ದೆವ್ವಗಳನ್ನು ಬಿಡಿಸಿದವರು. ಆಗೆಲ್ಲ ಹೀಗೆ ಕೇಳಿರಲಿಲ್ಲ. ಪಕ್ಕದಲ್ಲಿರುವ ಮನುಷ್ಯನನ್ನು ಮತ್ತೆ ಮತ್ತೆ ಕ್ಷಮಿಸಬೇಕು ಅಂದಾಗ ತಮ್ಮ ಹತ್ತಿರ ಇರುವ ನಂಬಿಕೆ ಸಾಲದು ಅನ್ನಿಸಿತು.

ಯೇಸುವಿನ ಉತ್ತರ ಇನ್ನೂ ಯೋಚಿಸುವಂಥದ್ದು. ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದರೂ ಸಾಕು ಎಂದ. ಅವರು ಕೇಳಿದ್ದು ಇನ್ನಷ್ಟು ನಂಬಿಕೆ. ಆತ ತೋರಿಸಿದ್ದು ಅವರ ಕೈಯಲ್ಲಿ ಆಗಲೇ ಇದ್ದದ್ದನ್ನು. ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು: ಮೊದಲು ನಂಬಿಕೆ ದೊಡ್ಡದಾಗಲಿ, ಆಮೇಲೆ ದೇವರು ಹೇಳಿದ್ದನ್ನು ಮಾಡುತ್ತೇನೆ ಎಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ಇರುವ ಚೂರು ನಂಬಿಕೆಯಿಂದ ಮುಂದಿರುವ ಒಂದು ಕೆಲಸ ಮಾಡಿ. ನಂಬಿಕೆ ಬೆಳೆಯುವುದು ಅದನ್ನು ಮಾಡುವಾಗಲೇ.

ಪ್ರಾರ್ಥನೆಯಲ್ಲಿ ಏನೂ ಅನ್ನಿಸದಿರುವುದೇ ನಿಮ್ಮನ್ನು ಜಾಸ್ತಿ ಕಾಡುತ್ತಿರುವ ಹಾಗಿದೆ. ಆ ವಿಷಯಕ್ಕೆ ಇಬ್ಬರ ಜೀವನ ನೋಡಿ.

ಒಬ್ಬರು ಜಾನ್ ನ್ಯೂಟನ್. ಇಂಗ್ಲೆಂಡಿನ ನಾವಿಕ. 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಕ್ಕಿ, ದೇವರಿಗೆ ಮೊರೆಯಿಟ್ಟು, ಅಲ್ಲಿಂದ ದೇವರ ಕಡೆ ತಿರುಗಿದವರು. ಆದರೆ ಅದಾದ ಮೇಲೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲೇ ಕೆಲಸ ಮಾಡಿದರು, ಕ್ಯಾಪ್ಟನ್ ಕೂಡ ಆದರು. ಹಡಗಿನ ಮೇಲೆ ಪ್ರಾರ್ಥನೆ ನಡೆಸುತ್ತಿದ್ದರು, ಬೈಬಲ್ ಓದುತ್ತಿದ್ದರು. ದೇವರ ಸಹವಾಸದ ಸಿಹಿ ಗಳಿಗೆಗಳನ್ನು ಆ ಪ್ರಯಾಣಗಳಲ್ಲಿ ಅನುಭವಿಸಿದೆ ಎಂದು ಅವರೇ ಆಮೇಲೆ ಬರೆದಿದ್ದಾರೆ. ಅದೇ ಹೊತ್ತಿಗೆ ಕೆಳಗೆ ಸರಪಳಿಯಲ್ಲಿ ಮನುಷ್ಯರು ನರಳುತ್ತಿದ್ದರು. ನ್ಯೂಟನ್ 1764ರಲ್ಲಿ ಪಾದ್ರಿಯಾದರು. ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯ ರಾತ್ರಿಯಿಂದ ಲೆಕ್ಕ ಹಾಕಿದರೆ 40 ವರ್ಷ! ಇದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಒಬ್ಬ ವಿಶ್ವಾಸಿಯ ಕಣ್ಣು ತೆರೆಯುವುದು ತಡವಾದರೆ ಅದರ ಬೆಲೆಯನ್ನು ಬೇರೆಯವರು ಕೊಡಬೇಕಾಗುತ್ತದೆ.

ಇನ್ನೊಬ್ಬರು ಮದರ್ ತೆರೇಸಾ. ಅವರು ತೀರಿಕೊಂಡದ್ದು 1997ರಲ್ಲಿ. ತಮ್ಮ ಆತ್ಮಿಕ ಗುರುಗಳಿಗೆ ಅವರು ಬರೆದಿದ್ದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಲೋಕಕ್ಕೇ ಆಶ್ಚರ್ಯವಾಯಿತು. ಸಾಯುತ್ತಿರುವವರ ಸೇವೆ ಮಾಡಿದ ಆ ದಶಕಗಳಲ್ಲಿ ಬಹುಪಾಲು ಕಾಲ ಅವರಿಗೆ ಒಳಗೆ ಕತ್ತಲೆಯೇ ಇತ್ತು. ದೇವರು ಹತ್ತಿರವಿದ್ದಾನೆ ಅನ್ನುವ ಅನುಭವವೇ ಇರಲಿಲ್ಲ. ಆದರೂ ಪ್ರಾರ್ಥನೆ ಬಿಡಲಿಲ್ಲ, ಸೇವೆ ಬಿಡಲಿಲ್ಲ.

ಈ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಕಣ್ಣೀರು ಬಂತೋ ಇಲ್ಲವೋ ಎಂದು ನೋಡಿ ಬೆಳವಣಿಗೆ ಅಳೆಯಲು ಆಗುವುದಿಲ್ಲ, ಅಲ್ವಾ? ದೇವರು ಕೊಟ್ಟಾಗ ಆ ಸಂತೋಷವನ್ನು ಕೃತಜ್ಞತೆಯಿಂದ ತೆಗೆದುಕೊಳ್ಳಿ. ಇಲ್ಲದಾಗ ದೇವರು ಬಿಟ್ಟುಹೋದ ಎಂದು ತೀರ್ಮಾನ ಮಾಡಬೇಡಿ.

ಹಾಗಾದರೆ ಎಲ್ಲಿ ನೋಡಬೇಕು? ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಪವಿತ್ರಾತ್ಮನ ಫಲಗಳನ್ನು ಹೇಳುತ್ತಾನೆ. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ (ಅಂದರೆ ತಾಳ್ಮೆ), ದಯೆ, ಹೀಗೆ ಒಂಬತ್ತು. ಇವುಗಳಲ್ಲಿ ಹೆಚ್ಚಿನವು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೂತರೆ ಕಾಣಿಸುವುದೇ ಇಲ್ಲ. ದೀರ್ಘಶಾಂತಿ ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ತಲೆ ಕೆಡಿಸುವವರು ಒಬ್ಬರು ಎದುರಿಗಿರಬೇಕು. ಅದಕ್ಕೇ ನಮ್ಮ ಬೆಳವಣಿಗೆ ನಮಗಿಂತ ಮೊದಲು ಮನೆಯವರಿಗೆ ಕಾಣಿಸುತ್ತದೆ. ನಿಮ್ಮ ಕೋಪದ ವಿಷಯವನ್ನೇ ತೆಗೆದುಕೊಳ್ಳಿ. ಕೋಪ ಬರುವುದು ನಿಂತಿಲ್ಲ, ಸರಿ. ಬಂದ ಮೇಲೆ ಹೋಗಿ ತಪ್ಪಾಯ್ತು ಎಂದು ಹೇಳಲು ಮುಂಚೆ ವಾರ ಬೇಕಾಗುತ್ತಿತ್ತಾ? ಈಗ ಅದೇ ಸಂಜೆ ಹೇಳುತ್ತೀರಾ? ಹಾಗಿದ್ದರೆ ಅಲ್ಲಿ ದೇವರ ಕೆಲಸ ನಡೆದಿದೆ.

ಇನ್ನು ನಿಮ್ಮ ಅಣ್ಣನ ಮಾತು. ನೀವು ಸುಮ್ನೆ ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಶುರುವಾಗುವುದು ಅಲ್ಲಿಂದಲೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಎಂದು ಯೋಹಾನ ಬರೆಯುತ್ತಾನೆ. ದೊಡ್ಡ ಮಾತುಕತೆ ಬೇಡ. ಮೊದಲು ಕೆಲವು ದಿನ ಅವರ ಹೆಸರು ಹೇಳಿ ಪ್ರಾರ್ಥನೆ ಮಾಡಿ. ಅವರು ಬದಲಾಗಲಿ ಎಂದು ಬೇಡಬೇಡಿ, ಅವರಿಗೆ ಒಳ್ಳೆಯದಾಗಲಿ ಎಂದು ಬೇಡಿ. ಆಮೇಲೆ ಒಂದು ಫೋನ್ ಮಾಡಿ, ಹೇಗಿದ್ದೀಯಣ್ಣ ಎಂದು ಕೇಳಿ. ಅವರು ಸರಿಯಾಗಿ ಮಾತಾಡದೇ ಇರಬಹುದು. ನೀವು ಮಾಡಬೇಕಾದದ್ದನ್ನು ಮಾಡಿದ ಹಾಗಾಯಿತು. ಹೊಡೆತ, ಬೆದರಿಕೆ ಇಂಥದ್ದೇನಾದರೂ ನಡೆದಿದ್ದರೆ ಮಾತ್ರ ಒಬ್ಬರೇ ಹೋಗಬೇಡಿ. ಕ್ಷಮಿಸುವುದು ಎಂದರೆ ಮತ್ತೆ ಪೆಟ್ಟು ತಿನ್ನುವುದಕ್ಕೆ ಹೋಗಿ ನಿಲ್ಲುವುದಲ್ಲ.

ಬೇರೆಯವರ ಸಾಕ್ಷಿಯ ಜೊತೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ. ಸಾಕ್ಷಿಯಲ್ಲಿ ಹತ್ತು ವರ್ಷ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಬ್ರಹಾಮನನ್ನು ನೋಡಿ. ದೇವರ ಮಾತು ನಂಬಿ ಹಾರಾನಿನಿಂದ ಹೊರಟಾಗ ಅವನಿಗೆ 75 ವರ್ಷ. ದೇವರು ಮಾತು ಕೊಟ್ಟಿದ್ದ ಮಗ ಇಸಾಕ ಹುಟ್ಟಿದಾಗ 100. ನಡುವಿನ 25 ವರ್ಷಗಳಲ್ಲಿ ಹೆದರಿ ಹೆಂಡತಿಯನ್ನು ತಂಗಿ ಎಂದು ಹೇಳಿದ್ದಾನೆ, ದಾಸಿ ಹಾಗರಳ ಮೂಲಕ ಮಗನನ್ನು ಪಡೆದು ತಾನೇ ದಾರಿ ಮಾಡಿಕೊಳ್ಳಲು ಹೋಗಿದ್ದಾನೆ, ದೇವರ ಮಾತು ಕೇಳಿ ನಕ್ಕಿದ್ದಾನೆ. ಆದರೂ ಪೌಲ ಅವನನ್ನು ನಂಬುವವರೆಲ್ಲರ ತಂದೆ ಎಂದು ಕರೆಯುತ್ತಾನೆ. ದೇವರು ಅವನನ್ನು ಕೈಬಿಡದೆ ನಡೆಸಿಕೊಂಡು ಬಂದ. ನಿಮ್ಮನ್ನೂ ಆತನೇ ನಡೆಸುತ್ತಿರುವುದು.

ಒಂದು ಮಾತು ಕೇಳಲೇಬೇಕು. ನಿದ್ದೆ ಬರುತ್ತಿದೆಯಾ? ಊಟ ಸೇರುತ್ತಿದೆಯಾ? ಪ್ರವಾದಿ ಎಲೀಯ ಸೋತು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡಿದಾಗ ದೇವದೂತ ಬಂದು ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ ಕೊಟ್ಟ, ನೀರು ಕೊಟ್ಟ, ಅವನು ಮತ್ತೆ ಮಲಗಿದ. ಬೇಸರ ವಾರಗಟ್ಟಲೆ ಬಿಡದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಅದರಿಂದ ನಿಮ್ಮ ನಂಬಿಕೆ ಕಡಿಮೆ ಆಗುವುದಿಲ್ಲ.

ಪ್ರಾರ್ಥನೆಗೆ ಮಾತು ಬರದಿದ್ದರೆ ಬೈಬಲಿನ ಕೀರ್ತನೆಗಳನ್ನು ಗಟ್ಟಿಯಾಗಿ ಓದಿ. ನನ್ನ ಇಂಥ ದಿನಗಳಲ್ಲಿ 13 ಮತ್ತು 88ನೇ ಕೀರ್ತನೆಗಳೇ ನನ್ನ ಪ್ರಾರ್ಥನೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲು ಒಂದೂ ಕೊನೆಗೆ ಬರುವುದಿಲ್ಲ. ಅದನ್ನೂ ದೇವರು ತನ್ನ ಜನರ ಪ್ರಾರ್ಥನೆಯಲ್ಲಿ ಸೇರಿಸಿಕೊಂಡಿದ್ದಾನೆ. ಅಷ್ಟೂ ಆಗದ ದಿನ, ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆಯ ಮಾತು ಸಾಕು. ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲೂ ನನಗೆ ಸಹಾಯ ಮಾಡು ಎಂದ ಅವನು. ಯೇಸು ಆ ಅರೆನಂಬಿಕೆಯವನ ಮಗನನ್ನೂ ಗುಣಪಡಿಸಿದ.

ಸಭೆಗೆ ಹೋಗುವುದನ್ನು ಬಿಡಬೇಡಿ. ಅಲ್ಲಿ ನಂಬಿಕೆಯಲ್ಲಿ ಬಹಳ ವರ್ಷ ಕಳೆದ, ಗುಟ್ಟು ಕಾಪಾಡುವ ಹಿರಿಯರೊಬ್ಬರನ್ನು ಹುಡುಕಿ, ನನಗೆ ಬರೆದದ್ದನ್ನೇ ಅವರಿಗೆ ಹೇಳಿ. ಅವರಿಗೂ ಇಂಥ ಕಾಲ ಬಂದಿತ್ತಾ ಎಂದು ಕೇಳಿ. ಓದಲು ಎಲ್ಲಿಂದ ಶುರು ಮಾಡಲಿ ಎಂದೂ ಕೇಳಿದ್ದಿರಿ. ಮಾರ್ಕನ ಸುವಾರ್ತೆ ಹಿಡಿಯಿರಿ, 16 ಅಧ್ಯಾಯ ಅಷ್ಟೇ, ದಿನಕ್ಕೆ ಅರ್ಧ ಅಧ್ಯಾಯ ಓದಿದರೂ ಸಾಕು. ಓದುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.