ಎರಡು ತಿಂಗಳ ಲ್ಯಾಬ್ ಮರಿಗೆ ಹಾಲನ್ನ ಸಾಕಾ, ಪಪ್ಪಿ ಫುಡ್ಡೇ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಾವು ಮಂಡ್ಯ ಹತ್ರದ ಹಳ್ಳಿಯವ್ರು. ಹೋದ ವಾರ ಎರಡು ತಿಂಗಳ ಲ್ಯಾಬ್ (ಲ್ಯಾಬ್ರಡಾರ್) ನಾಯಿಮರಿ ತಂದಿದೀವಿ. ಅಮ್ಮ ಬೆಳಿಗ್ಗೆ ಹಾಲನ್ನ, ರಾತ್ರಿ ಮುದ್ದೆ ಕಿವುಚಿ ಬಸ್ಸಾರು ಹಾಕ್ತಾರೆ, ನಮ್ ಹಳೇ ನಾಯಿ ಇದನ್ನೇ ತಿಂದು ಗಟ್ಟಿಮುಟ್ಟಾಗಿತ್ತು ಅಂತಾರೆ. ಈಗ ಎರಡು ದಿನದಿಂದ ಲೂಸ್ ಮೋಷನ್. ಅಂಗಡಿಯವ್ರು ಪಪ್ಪಿ ಫುಡ್ ಜೊತೆ ಕ್ಯಾಲ್ಸಿಯಂ ಸಿರಪ್ಪೂ ಕೊಟ್ಟವ್ರೆ. ಏನ್ ಹಾಕ್ಬೇಕು?

ಉತ್ತರ: ಮೊದ್ಲು ಲೂಸ್ ಮೋಷನ್ ನೋಡಣ. ಮರಿ ವಾಂತಿ ಮಾಡ್ತಿದ್ರೆ, ಮಂಕಾಗಿ ಮಲಗಿದ್ರೆ, ಮೋಷನ್‌ನಲ್ಲಿ ರಕ್ತ ಕಂಡ್ರೆ ಇದನ್ನ ಓದ್ತಾ ಕೂರ್ಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಕರ್ಕೊಂಡ್ ಹೋಗಿ, ಈ ವಯಸ್ಸಲ್ಲಿ ಪಾರ್ವೊ ಅನ್ನೋ ಜೀವ ತೆಗೆಯೋ ವೈರಸ್ ಕಾಯಿಲೆ ಬಂದ್ರೆ ಒಂದೊಂದು ಗಂಟೆನೂ ಮುಖ್ಯ. ಆಡ್ಕೊಂಡು ತಿನ್ಕೊಂಡು ಇದ್ರೂ ಮೋಷನ್ ಸ್ಯಾಂಪಲ್ ತಗೊಂಡ್ ಹೋಗಿ ತೋರಿಸಿ, ಜಂತುಹುಳ ಇರ್ಬೋದು. ಹಾಲಂತೂ ಇವತ್ತೇ ನಿಲ್ಸಿ.

ಹಾಲು ಯಾಕೆ ಬೇಡ ಅಂದ್ರೆ, ತಾಯಿ ಹಾಲು ಬಿಟ್ಟ ಮೇಲೆ ಮರಿಗೆ ಲ್ಯಾಕ್ಟೋಸ್ ಅಂದ್ರೆ ಹಾಲಿನ ಸಕ್ಕರೆ ಜೀರ್ಣ ಮಾಡೋ ಶಕ್ತಿ ಕಮ್ಮಿ ಆಗ್ತಾ ಬರುತ್ತೆ, ಹಸು ಹಾಲಲ್ಲಿ ಅದು ನಾಯಿ ಹಾಲಿಗಿಂತ ಜಾಸ್ತಿನೇ ಇರುತ್ತೆ. ಪ್ರೋಟೀನು ನೋಡಿದ್ರೆ ಉಲ್ಟಾ, ನಾಯಿ ಹಾಲಲ್ಲಿ ಸುಮಾರು 7-8%, ಹಸು ಹಾಲಲ್ಲಿ 3% ಚಿಲ್ರೆ. ನೀವು ಅದಕ್ಕೆ ನೀರು ಬೆರೆಸಿ ಅನ್ನಕ್ಕೆ ಹಾಕಿದ್ರೆ ಹೊಟ್ಟೆ ತುಂಬುತ್ತೆ ಅಷ್ಟೇ, ಮೈ ಕಟ್ಟಲ್ಲ.

ಅಮ್ಮ ಹೇಳೋದನ್ನ ನಾನು ತಳ್ಳಾಕಲ್ಲ. ಆದ್ರೆ ಆ ಹಳೇ ನಾಯಿ ಬೀದಿಲಿ ತಿರುಗಿ ಇಲಿ, ಮೂಳೆ, ಕೋಳಿ ಕರುಳು ಅಂತ ಇನ್ನೇನೇನ್ ತಿಂದಿತ್ತೋ, ಯಾರೂ ನೋಡಿರಲ್ಲ. ಅದೂ ಅಲ್ದೆ ಲ್ಯಾಬ್ ಮರಿ ಒಂದೊಂದೂವರೆ ವರ್ಷದಲ್ಲಿ 30 ಕೆಜಿ ಹತ್ರ ಹೋಗೋ ಪ್ರಾಣಿ. ರಾಗಿಲಿ ಕ್ಯಾಲ್ಸಿಯಂ ಜಾಸ್ತಿ ಇರೋದು ನಿಜ, ಆದ್ರೆ ಪ್ರೋಟೀನು 7% ಆಸುಪಾಸು, ಬೆಳೆಯೋ ಮರಿಗೆ ಅದು ಏನೇನೂ ಸಾಲ್ದು. ಬಸ್ಸಾರಂತೂ ಬೇಡವೇ ಬೇಡ, ಅದ್ರಲ್ಲಿರೋ ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕ್ಲೇಟು, ಬೇಯಿಸಿದ ಮೂಳೆ ಇವನ್ನೂ ದೂರ ಇಡಿ.

ಪಪ್ಪಿ ಫುಡ್ ಪ್ಯಾಕೆಟ್ ತಗೋಳೋವಾಗ ಮುಂದಿರೋ ಫೋಟೋ ನೋಡ್ಬೇಡಿ, ಹಿಂದೆ ತಿರುಗ್ಸಿ ಸಣ್ಣ ಅಕ್ಷರ ಓದಿ. ಬೆಳವಣಿಗೆ ಹಂತಕ್ಕೆ ಸಂಪೂರ್ಣ, ಸಮತೋಲಿತ ಆಹಾರ ಅನ್ನೋ ಅರ್ಥ ಬರೋ ಮಾತು ಇರ್ಬೇಕು, ದೊಡ್ಡ ತಳಿ ಮರಿಗೂ ಆಗುತ್ತೆ ಅಂತ ಇದ್ರೆ ಇನ್ನೂ ಒಳ್ಳೇದು. ಪ್ರಾಣಿಗಳ ಆಹಾರಕ್ಕೆ ಮಟ್ಟ ಗೊತ್ತು ಮಾಡೋ ಅಮೆರಿಕದ ಎಎಎಫ್‌ಸಿಒ ಸಂಸ್ಥೆ ಪ್ರಕಾರ ತೇವಾಂಶ ತೆಗೆದ ಲೆಕ್ಕದಲ್ಲಿ ಮರಿ ಫುಡ್ಡಿಗೆ ಕನಿಷ್ಠ 22.5% ಪ್ರೋಟೀನು, 8.5% ಕೊಬ್ಬು ಬೇಕು. ರೇಟ್ ಜಾಸ್ತಿ ಇರೋದೇ ಒಳ್ಳೇದು ಅಂತೇನಿಲ್ಲ. ಆದ್ರೆ ಮೂಟೆ ಬಿಚ್ಚಿ ಕೆಜಿ ಲೆಕ್ಕದಲ್ಲಿ ಲೂಸ್ ಮಾರ್ತಾರಲ್ಲ, ಅದು ಮಾತ್ರ ಬೇಡ, ಗಾಳಿ ಆಡಿ ಕೊಬ್ಬು ಕಮಟು ಹಿಡಿಯುತ್ತೆ, ಎಕ್ಸ್‌ಪೈರಿ ಡೇಟೂ ಗೊತ್ತಾಗಲ್ಲ.

ಮೋಷನ್ ಗಟ್ಟಿಯಾದ್ಮೇಲೆ ಒಂದು ವಾರ ತಗೊಂಡು ನಿಧಾನಕ್ಕೆ ಬದಲಾಯಿಸಿ. ಕಾಲು ಭಾಗ ಪಪ್ಪಿ ಫುಡ್, ಮುಕ್ಕಾಲು ಭಾಗ ಸಪ್ಪೆ ಅನ್ನ ಮತ್ತೆ ಬೇಯಿಸಿದ ಚಿಕನ್ನು, ಆಮೇಲೆ ಅರ್ಧರ್ಧ, ಹಿಂಗೆ. ಪಪ್ಪಿ ಫುಡ್ಡಿನ ಕಾಳುಗಳನ್ನ ಉಗುರು ಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಬೆರಳಲ್ಲಿ ಒತ್ತಿದ್ರೆ ಮೆತ್ತಗೆ ಅಮುಕ್ಬೇಕು, ಆವಾಗ ಹಾಕಿ. ಪ್ಯಾಕೆಟ್ ಮೇಲಿರೋದು ಇಡೀ ದಿನದ ಅಳತೆ, ಅದನ್ನ ನಾಲ್ಕು ಹೊತ್ತಿಗೆ ಹಂಚಿ. ಮೂರು ತಿಂಗಳು ಆದ್ಮೇಲೆ ಮೂರು ಹೊತ್ತು, ಆರು ತಿಂಗಳು ದಾಟಿದ್ರೆ ಎರಡು.

ಲ್ಯಾಬ್ ಸಾಕೋರು ಇನ್ನೊಂದು ತಿಳ್ಕೊಳ್ಳಿ, ಇವುಕ್ಕೆ ಸಾಕು ಅನ್ನೋದೇ ಗೊತ್ತಿಲ್ಲ, ಕೇಳ್ತು ಅಂತ ಹಾಕ್ತಾ ಹೋದ್ರೆ ಸೊಂಟದ ಕೀಲು ಹಾಳಾಗುತ್ತೆ. 48 ಲ್ಯಾಬ್ ನಾಯಿಗಳನ್ನ ಎಂಟು ವಾರದ ಮರಿಯಿಂದ ಜೀವಮಾನ ಪೂರ್ತಿ ನೋಡಿದ ಒಂದು ಅಧ್ಯಯನ 2002ರಲ್ಲಿ ಪ್ರಕಟ ಆಯ್ತು, 25% ಕಮ್ಮಿ ತಿಂದ ಗುಂಪು ಹೆಚ್ಚುಕಮ್ಮಿ ಎರಡು ವರ್ಷ ಜಾಸ್ತಿ ಬದುಕ್ತು, ಕೀಲುನೋವೂ ತಡವಾಗಿ ಬಂತು. ಹಂಗಂತ ಉಪವಾಸ ಕೆಡವ್ಬೇಡಿ. ಪಕ್ಕೆ ಮೇಲೆ ಅಂಗೈ ಸವರಿದ್ರೆ ಎಲುಬು ಒತ್ತದೇನೇ ಕೈಗೆ ಸಿಗ್ಬೇಕು, ಕಣ್ಣಿಗೆ ಎದ್ದು ಕಾಣಬಾರ್ದು.

ದಿನಾ ಪ್ಯಾಕೆಟ್ ದುಬಾರಿ ಆಗುತ್ತೆ ಅಂದ್ರೆ ಸಂಕೋಚ ಪಡ್ಬೇಡಿ, ಮನೆ ಊಟದಲ್ಲೂ ಮರಿ ಬೆಳೆಸ್ಬೋದು. ಆದ್ರೆ ಬರೀ ಚಿಕನ್ ಅನ್ನದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ, ಕಾಲು ಸೊಟ್ಟಗಾದ ಮರಿಗಳು ಬರೋದು ಹೆಚ್ಚಾಗಿ ಇಂಥ ಮನೆಗಳಿಂದ್ಲೇ. ಅದಕ್ಕೇ ಮರಿ ತೂಕ ಹಾಕ್ಸಿ, ಮಾಂಸ, ಮೊಟ್ಟೆ, ಕ್ಯಾಲ್ಸಿಯಂ ಎಷ್ಟೆಷ್ಟು ಅಂತ ಡಾಕ್ಟ್ರ ಹತ್ರ ಬರೆಸ್ಕೊಂಡೇ ಶುರು ಮಾಡಿ.

ಪಪ್ಪಿ ಫುಡ್ಡೇ ಹಾಕ್ತೀರ ಅಂದ್ರೆ ಆ ಸಿರಪ್ ಮುಟ್ಬೇಡಿ. ಈ ವಯಸ್ಸಿನ ಮರಿ ಕರುಳಿಗೆ ಜಾಸ್ತಿ ಬಂದ ಕ್ಯಾಲ್ಸಿಯಂನ ತಡೆಯೋಕೆ ಬರಲ್ಲ, ಹಾಕಿದಷ್ಟೂ ಒಳಗೆ ಎಳ್ಕೊಳುತ್ತೆ, ದೊಡ್ಡ ತಳಿಗಳಲ್ಲಿ ಅದ್ರಿಂದ ಮೂಳೆ, ಕೀಲು ಕೆಡ್ಬೋದು. ಸೀಲ್ ಒಡೆದಿಲ್ಲ ಅಂದ್ರೆ ಅಂಗಡಿಗೆ ವಾಪಸ್ ಕೊಟ್ಟು ಆ ದುಡ್ಡಲ್ಲಿ ಮೊಟ್ಟೆ ತಗೊಳ್ಳಿ, ಹೊಟ್ಟೆ ಸರಿಹೋದ್ಮೇಲೆ ಬೇಯಿಸಿ ಆಗಾಗ ಅರ್ಧ ಕೊಡಿ.