ನಿಧಿ, ಮನಸ್ಸು ಮತ್ತು ಒಬ್ಬ ಕಳ್ಳ

ಪ್ರಶ್ನೆ: ಹೊನ್ನು ಮಾಯೆ, ಬಿಟ್ಟುಬಿಡಿ ಅಂತ ಹೇಳುತ್ತಾರೆ. ಅದೇ ಬಾಯಲ್ಲಿ ದೇವರನ್ನು ನಿಧಿ, ರತ್ನ, ಧನ ಅಂತ ಹಾಡುತ್ತಾರೆ. ಇದು ಯಾವ ನ್ಯಾಯ?

ಉತ್ತರ: ಸರಿಯಾಗಿ ಹಿಡಿದಿರಿ. ಆದರೆ ಹೊನ್ನು ಮಾಯೆ ಅನ್ನುವುದನ್ನು ಎಲ್ಲರೂ ಒಪ್ಪಿಲ್ಲ. ಅಲ್ಲಮಪ್ರಭು ಅದನ್ನು ನೇರವಾಗಿ ತಳ್ಳಿಹಾಕುತ್ತಾನೆ: ಹೊನ್ನು ಮಾಯೆಯಲ್ಲ, ‘ಮನದ ಮುಂದಣ ಆಸೆಯೆ ಮಾಯೆ’. ಇನ್ನು ಹಾಡು ಕಟ್ಟುವವರ ಕಷ್ಟ ಬೇರೆ. ಕೇಳುವವರಿಗೆ ವೈರಾಗ್ಯ ಗೊತ್ತಿಲ್ಲ, ಗಂಟಿನ ಮೇಲಿನ ಆಸೆ ಚೆನ್ನಾಗಿ ಗೊತ್ತು. ಗೊತ್ತಿರುವುದನ್ನೇ ಹಿಡಿದು ಮಾತಾಡಬೇಕು, ಅಲ್ವಾ?

ಮೀರಾಬಾಯಿಯ ಹೆಸರಿನಲ್ಲಿ ಹಾಡುವ ‘ರಾಮ ರತನ ಧನ’ದ ಪದವನ್ನೇ ನೋಡಿ. ಈ ಧನ ಖರ್ಚು ಮಾಡಿದರೆ ಮುಗಿಯುವುದಿಲ್ಲ, ಕಳ್ಳ ಕದಿಯುವುದಿಲ್ಲ, ದಿನದಿನಕ್ಕೆ ಒಂದಕ್ಕೆ ಒಂದೂಕಾಲಾಗಿ ಬೆಳೆಯುತ್ತದೆ. ಪಕ್ಕಾ ವ್ಯಾಪಾರಿ ಲೆಕ್ಕ! ವಿದ್ಯೆಯ ಬಗ್ಗೆ ಇರುವ ಸಂಸ್ಕೃತ ಸುಭಾಷಿತವೂ ಇದೇ ಧಾಟಿಯದು: ಕಳ್ಳ ಒಯ್ಯಲಾರ, ರಾಜ ಕಸಿಯಲಾರ, ಅಣ್ಣತಮ್ಮಂದಿರು ಪಾಲು ಕೇಳಲಾರರು. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಭೂಮಿಯ ಮೇಲೆ ಕೂಡಿಟ್ಟ ಗಂಟನ್ನು ಹಾಳುಮಾಡುವ ನುಸಿ, ತುಕ್ಕು ಎರಡನ್ನೂ ಹೇಳಿ ಕೊನೆಗೆ ಕನ್ನ ಕೊರೆಯುವ ಕಳ್ಳನಿಗೇ ಬರುತ್ತಾನೆ. ಎಲ್ಲೆಲ್ಲಿಯವರೋ ಹೇಳಿದ ಮೂರು ಮಾತು, ಕಳ್ಳ ಮಾತ್ರ ಒಬ್ಬನೇ. ತ್ಯಾಗರಾಜರು ಕಲ್ಯಾಣಿ ರಾಗದ ಕೃತಿಯಲ್ಲಿ ಇಷ್ಟು ಸುತ್ತುವುದಿಲ್ಲ. ನಿಧಿ ಸುಖವೋ, ರಾಮನ ಸನ್ನಿಧಿ ಸುಖವೋ ಅಂತ ಕೇಳಿಬಿಡುತ್ತಾರೆ. ಸನ್ನಿಧಿ ಅನ್ನುವ ಮಾತಿನ ಒಳಗೇ ನಿಧಿ ಕೂತಿದೆ. ನನಗಂತೂ ಈ ಚಮತ್ಕಾರ ತುಂಬ ಇಷ್ಟ.

ಪ್ರಶ್ನೆ: ‘ನಿನ್ನ ನಿಧಿ ಎಲ್ಲಿದೆಯೋ ಅಲ್ಲೇ ನಿನ್ನ ಹೃದಯವೂ ಇರುತ್ತದೆ’ ಅನ್ನುತ್ತದೆ ಬೈಬಲ್. ಇಷ್ಟ ಇರುವ ಕಡೆ ದುಡ್ಡು ಹಾಕುತ್ತೇವೆ ಅಂತ ತಾನೇ ಅರ್ಥ?

ಉತ್ತರ: ಉಲ್ಟಾ ಓದಿದ್ದೀರಿ. ತುಂಬ ಜನ ಹಾಗೇ ಓದುತ್ತಾರೆ. ಆ ಮಾತಿನಲ್ಲಿ ಗಂಟು ಮುಂದೆ ಹೋಗುತ್ತದೆ, ಮನಸ್ಸು ಅದರ ಹಿಂದೆ ಹೋಗುತ್ತದೆ. ಯಾವುದೋ ಕಂಪನಿಯ ಹೆಸರು ನಿನ್ನೆಯವರೆಗೆ ನಿಮಗೆ ಗೊತ್ತೇ ಇರಲಿಲ್ಲ, ಇವತ್ತು ಅದರ ನಾಲ್ಕು ಷೇರು ಕೊಂಡಿರಿ, ನಾಳೆ ಬೆಳಗ್ಗೆ ಎದ್ದವರೇ ಮೊದಲು ನೋಡುವುದು ಅದರ ಬೆಲೆಯನ್ನೇ. ಇನ್ನೊಂದು ಮಾತು. ಬೈಬಲಿನಲ್ಲಿ ಹೃದಯ ಅಂದರೆ ಸುಮ್ನೆ ಪ್ರೀತಿಯ ಜಾಗ ಅಲ್ಲ. ಹೀಬ್ರೂ ಭಾಷೆಯ ‘ಲೇವ್’ ಯೋಚನೆ ಮಾಡುತ್ತದೆ, ತೀರ್ಮಾನವನ್ನೂ ಮಾಡುತ್ತದೆ. ನಮ್ಮ ‘ಮನಸ್ಸು’ ಅದಕ್ಕೆ ಹೆಚ್ಚು ಹತ್ತಿರ.

ಪ್ರಶ್ನೆ: ಅಕ್ಕಮಹಾದೇವಿಯ ವಚನದಲ್ಲಿ ‘ನೆಲದ ಮರೆಯ ನಿಧಾನದಂತೆ’ ಅಂತ ಬರುತ್ತದೆ. ನೆಲಕ್ಕೂ ನಿಧಾನಕ್ಕೂ ಏನು ಸಂಬಂಧ?

ಉತ್ತರ: ಇಲ್ಲಿ ನಿಧಾನ ಅಂದರೆ ಮೆಲ್ಲಗೆ ಅಲ್ಲ, ಹೂತಿಟ್ಟ ನಿಧಿ. ಹಣ್ಣಿನ ಮರೆಯ ರುಚಿ, ಎಳ್ಳಿನ ಮರೆಯ ಎಣ್ಣೆ ಅಂತ ಅಕ್ಕ ಪಟ್ಟಿ ಮಾಡಿ, ಭಾವದ ಮರೆಯಲ್ಲಿರುವ ಚೆನ್ನಮಲ್ಲಿಕಾರ್ಜುನನ ನಿಲವು ತಿಳಿಯಲಾಗದು ಅನ್ನುತ್ತಾಳೆ. ಈ ಹೋಲಿಕೆ ಅಕ್ಕನಿಗಿಂತ ಬಹಳ ಹಳೆಯದು. ಛಾಂದೋಗ್ಯ ಉಪನಿಷತ್ತಿನ 8ನೇ ಅಧ್ಯಾಯದಲ್ಲಿ, ಚಿನ್ನ ಹೂತಿಟ್ಟ ಜಾಗ ಗೊತ್ತಿಲ್ಲದವರು ಅದರ ಮೇಲೇ ಮತ್ತೆ ಮತ್ತೆ ಓಡಾಡುತ್ತಾರೆ, ಸಿಗುವುದಿಲ್ಲ. ಹಾಗೆಯೇ ನಾವೂ ದಿನಾ ನಿದ್ದೆಯಲ್ಲಿ ಬ್ರಹ್ಮದವರೆಗೆ ಹೋಗಿ ಬರುತ್ತೇವಂತೆ, ಗೊತ್ತಾಗುವುದಿಲ್ಲವಂತೆ. ಅದರ ಮರು ಸಾಲಿನಲ್ಲೇ ‘ಹೃದಿ ಅಯಮ್’, ಅಂದರೆ ಇವನು, ಈ ಆತ್ಮ, ಹೃದಯದಲ್ಲಿದ್ದಾನೆ, ಅದಕ್ಕೇ ಅದು ‘ಹೃದಯಮ್’ ಅಂತ ಪದ ಒಡೆದು ತೋರಿಸುತ್ತದೆ. ಮತ್ತಾಯನ 13ನೇ ಅಧ್ಯಾಯದಲ್ಲೂ ಹೊಲದಲ್ಲಿ ನಿಧಿ ಇದೆ. ಆದರೆ ಅಲ್ಲಿಯವನಿಗೆ ಅದು ಸಿಕ್ಕಿಬಿಡುತ್ತದೆ! ಮತ್ತೆ ಮುಚ್ಚಿಟ್ಟು, ಖುಷಿಯಿಂದ ಇದ್ದದ್ದೆಲ್ಲ ಮಾರಿ, ಆ ಹೊಲವನ್ನೇ ಕೊಳ್ಳುತ್ತಾನೆ. ಉಪನಿಷತ್ತಿನಲ್ಲಿ ಕೊಳ್ಳುವ ಮಾತೇ ಇಲ್ಲ, ಹೊಲ ಮೊದಲಿನಿಂದಲೂ ನಮ್ಮದೇ.

ಪ್ರಶ್ನೆ: ಕವಿತೆ ಬರೆಯುವಾಗ ‘ಹೃದಯ’ ಅನ್ನಬೇಕೋ ‘ಎದೆ’ ಅನ್ನಬೇಕೋ?

ಉತ್ತರ: ಎದೆ. ಅದು ಬಡಿದುಕೊಳ್ಳುತ್ತದೆ, ಒಡೆಯುತ್ತದೆ, ಉಬ್ಬುತ್ತದೆ, ಧೈರ್ಯ ಬಂದರೆ ಎದೆಗಾರಿಕೆ ಆಗುತ್ತದೆ. ‘ಹೃದಯ’ವನ್ನು ಸದ್ಯಕ್ಕೆ ವೈದ್ಯರಿಗೂ ಭಾಷಣಕಾರರಿಗೂ ಬಿಟ್ಟುಕೊಡಿ.