‘ವಾ’ ಮೊಳೆ ಮುಗಿದ ದಿನ: ಒಬ್ಬ ಹೊಸ ಬರಹಗಾರರಿಗೆ

ಪ್ರಿಯ ಮಿತ್ರರೇ,

ನಿಮ್ಮ ‘ರಾಜಕೀಯ ಸಿದ್ಧಾಂತಗಳು: ಒಂದು ಅವಲೋಕನ’ ಕೈಸೇರಿ ಮೂರು ವಾರವಾಯಿತು. ಇಂಥದಕ್ಕೆ ಸಾಮಾನ್ಯವಾಗಿ ‘ಪ್ರಕಟಿಸಲಾಗುತ್ತಿಲ್ಲ, ಬರೆಯುತ್ತಿರಿ’ ಎಂದು ಎರಡು ಸಾಲು ಹಾಕಿ ಕೈತೊಳೆದುಕೊಳ್ಳುವವನು ನಾನು. ನಿಮ್ಮದನ್ನು ಓದಿದ ರಾತ್ರಿ ಸಿಟ್ಟು ಬಂತು, ಬೆಳಿಗ್ಗೆ ಕಾಫಿ ಕುಡಿದ ಮೇಲೂ ಇಳಿಯಲಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಒಳ್ಳೆಯ ಮಾತು ಮೊದಲು ಹೇಳಿಬಿಡುತ್ತೇನೆ. ಸಾಕಷ್ಟು ಓದಿಕೊಂಡಿದ್ದೀರಿ. ಕಾಗುಣಿತ ಎಲ್ಲೂ ತಪ್ಪಿಲ್ಲ, ಈ ಕಾಲಕ್ಕೆ ಅದು ಸಣ್ಣ ಮಾತಲ್ಲ. ಹದಿನಾಲ್ಕು ಪುಟಗಳಲ್ಲಿ ಹನ್ನೊಂದು ‘ವಾದ’ಗಳನ್ನು ದಾಟಿದ್ದೀರಿ. ಫ್ಯಾಸಿಸಂ, ಪರಿಸರವಾದಗಳ ಪುಟಗಳಲ್ಲೂ ತಕರಾರು ತೆಗೆಯಬಹುದು, ಆದರೆ ಅದನ್ನು ಬೇರೆ ಯಾರಾದರೂ ತೆಗೆಯಲಿ. ನನಗೆ ನಿದ್ದೆಗೆಡಿಸಿದ್ದು ಎರಡೇ ಸಂಗತಿ: ಪದದ ಅರ್ಥದಿಂದಲೇ ವಾದವನ್ನು ವಿವರಿಸಿದ್ದು, ಮನುಷ್ಯರನ್ನು ಎಡ, ಬಲ ಎಂದು ಹಂಚಿಟ್ಟಿದ್ದು.

ಮೂರನೇ ಪುಟ ತೆಗೆಯಿರಿ. “ಉದಾರವಾದವೆಂದರೆ ಎಲ್ಲರೊಡನೆ ಉದಾರ ಮನಸ್ಸಿನಿಂದ ವರ್ತಿಸಬೇಕು, ಬಡವರಿಗೆ ಸಹಾಯಹಸ್ತ ಚಾಚಬೇಕು ಎಂದು ಪ್ರತಿಪಾದಿಸುವ ಸಿದ್ಧಾಂತ.”

ಎಲ್ಲಿಂದ ತಂದಿರಿ ಇದನ್ನು? ಯಾವ ಪುಸ್ತಕದಲ್ಲೂ ಇರಲಾರದು. ‘ಉದಾರ’ ಎಂಬ ಪದದ ಹೊಟ್ಟೆ ಬಗೆದು ತೆಗೆದದ್ದು ಇದು. ಲಿಬರಲಿಸಂಗೆ ಕನ್ನಡದಲ್ಲಿ ಉದಾರವಾದ ಎಂಬ ಪದ ಚಲಾವಣೆಗೆ ಬಂತು, ನೀವು ಆ ಪದವನ್ನು ನಂಬಿ ಮೂಲವನ್ನು ಬಿಟ್ಟಿರಿ. ಆ ವಾದದ ನಡುಗಂಬ ದಾನಧರ್ಮವಲ್ಲ, ಸ್ವಾತಂತ್ರ್ಯ. ಆಳುವವನು ನನ್ನ ಬಾಗಿಲ ತನಕ ಬರಬಹುದು, ಹೊಸ್ತಿಲು ದಾಟಬೇಕಾದರೆ ಕಾನೂನು ತೋರಿಸಬೇಕು ಎನ್ನುವ ಹಟ ಅದು. 1689ರಲ್ಲಿ ಜಾನ್ ಲಾಕ್ ವಾದಿಸಿದ್ದು ಇದನ್ನೇ. 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಬರೆದ ಜಾನ್ ಸ್ಟುವರ್ಟ್ ಮಿಲ್ ಈ ಪಂಥದ ಗುರುಸ್ಥಾನದಲ್ಲಿರುವವನು. ಆ ಮನುಷ್ಯ ಮೂವತ್ತೈದು ವರ್ಷ ಲಂಡನ್ನಿನಲ್ಲಿ ಕುಳಿತು ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಮಾಡಿದ. ಈ ಸ್ವಾತಂತ್ರ್ಯ ಇನ್ನೂ ‘ಹಿಂದುಳಿದ’ ಜನಾಂಗಗಳಿಗೆ ಅನ್ವಯಿಸುವುದಿಲ್ಲ ಎಂದು ಅದೇ ಪುಸ್ತಕದ ಮೊದಲ ಅಧ್ಯಾಯದಲ್ಲೇ ಬರೆದಿಟ್ಟ. ಹಾಗೆ ಹೊರಗಿಟ್ಟವರಲ್ಲಿ ನಾವೂ ಸೇರಿದ್ದೆವು. ಈಗ ನಿಮ್ಮ ‘ಎಲ್ಲರೊಡನೆ’ಯನ್ನು ಇನ್ನೊಮ್ಮೆ ಓದಿ.

1991ರ ಜುಲೈ ಬಜೆಟ್ಟಿನಿಂದಾಚೆಗೆ ನಮ್ಮ ಪತ್ರಿಕೆಗಳು ‘ಉದಾರೀಕರಣ’ ಎಂದು ಬರೆದೂ ಬರೆದೂ ಸುಸ್ತಾದವು. ಸರ್ಕಾರ ಆಗ ಯಾರಿಗೆ ಕೈಯೆತ್ತಿ ಕೊಟ್ಟಿತು? ಬಹುಪಾಲು ಕೈಗಾರಿಕೆಗಳಿಗೆ ಲೈಸೆನ್ಸ್ ಬೇಡವೆಂದಿತು, ಅಂದರೆ ತನ್ನ ಹಿಡಿತ ಸಡಿಲಿಸಿತು. ರಸಗೊಬ್ಬರದ ಬೆಲೆ ಏರಿಸಿದ್ದೂ ಅದೇ ಬಜೆಟ್ಟು. ‘ಉದಾರ’ ಎಂಬ ಪದದ ಮೇಲೆ ರೈತನಿಗೆ ಎಷ್ಟು ಭರವಸೆ ಉಳಿದಿರಬಹುದು ಹೇಳಿ.

ಮುಂದಿನ ಸಾಲು: “ಆದ್ದರಿಂದ ಉದಾರವಾದಿಗಳು ಎಡಪಂಥಕ್ಕೆ ಹತ್ತಿರದವರು.” ಅಮೆರಿಕದಲ್ಲಿ ಕುಳಿತು ಬರೆದಿದ್ದರೆ ಒಪ್ಪುತ್ತಿದ್ದೆ. ಅಲ್ಲಿ ಲಿಬರಲ್ ಎಂದು ಬೈಸಿಕೊಳ್ಳುವವರು ಡೆಮಾಕ್ರಟರ ಕಡೆಯವರು. ಆಸ್ಟ್ರೇಲಿಯಾದ ಲಿಬರಲ್ ಪಕ್ಷವೋ, ಅಲ್ಲಿನ ಲೇಬರ್ ಪಕ್ಷದ ಎದುರಾಳಿ, ಬಲಗಡೆಯದು. ಜಪಾನಿನಲ್ಲಿ 1955ರಿಂದ ಹೆಚ್ಚುಕಾಲ ಆಳಿದ ಲಿಬರಲ್ ಡೆಮಾಕ್ರಟಿಕ್ ಪಕ್ಷ ಹೆಸರಿನಲ್ಲಿ ಲಿಬರಲ್, ನಡೆಯಲ್ಲಿ ಸಂಪ್ರದಾಯಸ್ಥ. ಬೋರ್ಡು ನೋಡಿ ಹೋಟೆಲಿಗೆ ನುಗ್ಗುವವನಿಗೆ ಆಗುವ ಗತಿ ನಿಮಗಾಗಿದೆ.

ಅದರ ಮುಂದಿನದು: “ಇದಕ್ಕೆ ವಿರುದ್ಧವಾದುದು ಸಂಪ್ರದಾಯವಾದ. ಇವರು ಮಡಿ, ಮೈಲಿಗೆ, ಆಚಾರಗಳನ್ನು ಉಳಿಸಲು ಬಯಸುತ್ತಾರೆ.” ಮತ್ತೆ ಅದೇ ಚಾಳಿ. ಇಲ್ಲಿ ‘ಸಂಪ್ರದಾಯ’ ಪದ ನಿಮ್ಮನ್ನು ನೇರ ಅಡುಗೆಮನೆಗೆ ಕರೆದೊಯ್ದಿದೆ. ಈ ಪಂಥದ ಹಿರಿಯನೆಂದು ಎಲ್ಲರೂ ಎಣಿಸುವ ಎಡ್ಮಂಡ್ ಬರ್ಕ್ 1790ರಲ್ಲಿ ಫ್ರೆಂಚ್ ಕ್ರಾಂತಿಯ ವಿರುದ್ಧ ಪುಸ್ತಕ ಬರೆದ, ನಿಜ. ಅದೇ ಬರ್ಕ್, ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನನ್ನು ಬ್ರಿಟಿಷ್ ಪಾರ್ಲಿಮೆಂಟಿನ ಕಟಕಟೆಗೆ ಎಳೆದವನೂ ಹೌದು. ಲಖನೌ ಸೀಮೆಯ ಅವಧದ ಬೇಗಮರ ಸಂಪತ್ತನ್ನು ಹೇಸ್ಟಿಂಗ್ಸ್ ಕಿತ್ತುಕೊಂಡಿದ್ದು ಅನ್ಯಾಯವೆಂದು ವಾದಿಸಿದ. ವಿಚಾರಣೆ 1788ರಿಂದ 1795ರವರೆಗೆ ಎಳೆದು ಹೇಸ್ಟಿಂಗ್ಸ್ ಖುಲಾಸೆಯಾದ, ಅದು ಬೇರೆ ಮಾತು. ತಲೆಮಾರುಗಳಿಂದ ಬಂದ ವ್ಯವಸ್ಥೆಯನ್ನು ಒಬ್ಬನ ಹುಕುಂ ಮೇಲೆ ಬುಡಮೇಲು ಮಾಡಬಾರದು ಎಂಬುದು ಅವನ ನಿಲುವು. ಪ್ಯಾರಿಸ್ಸಿಗೆ ಅನ್ವಯಿಸಿದಾಗ ಅದು ಬಲಪಂಥವಾಗಿ ಕಂಡಿತು, ಲಖನೌಗೆ ಅನ್ವಯಿಸಿದಾಗ ನಮ್ಮ ಪರ ಕಂಡಿತು. ಮಡಿಗೂ ಇದಕ್ಕೂ ಏನು ಸಂಬಂಧ, ಮಾರಾಯ್ರೆ?

ಈ ಸಿಟ್ಟಿಗೆ ಒಂದು ಹಳೆಯ ಕಾರಣವಿದೆ.

1983ರಲ್ಲಿ ಶಿವಮೊಗ್ಗದ ಒಂದು ವಾರಪತ್ರಿಕೆಯಲ್ಲಿ ನಾನು ಹೊಸಬ. ಒಂದೊಂದೇ ಅಕ್ಷರದ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಆಗತಾನೆ ಬಂದಿತ್ತು, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಬಹುಮತವಿರಲಿಲ್ಲ, ಹೊರಗಿನಿಂದ ಬಿಜೆಪಿಯೂ ಎಡಪಕ್ಷಗಳೂ ಬೆಂಬಲ ಕೊಟ್ಟಿದ್ದವು. ಇದರ ಸೈದ್ಧಾಂತಿಕ ಮರ್ಮ ಬಿಡಿಸುತ್ತೇನೆಂದು ನಾನು ಹೊರಟೆ. ಸಮಾಜವಾದ, ಗಾಂಧಿವಾದ, ಮಾರ್ಕ್ಸ್‌ವಾದ, ಜನಸಂಘದವರ ಏಕಾತ್ಮ ಮಾನವತಾವಾದ, ಒಂದನ್ನೂ ಬಿಡಲಿಲ್ಲ. ಸಂಜೆ ಕಂಪೋಸಿಂಗ್ ಕೋಣೆಯಿಂದ ಹಿರಿಯ ಕಂಪೋಸಿಟರ್ ಮೊಳೆ ಜೋಡಿಸುವ ಸ್ಟಿಕ್ ಹಿಡಿದುಕೊಂಡೇ ಹೊರಗೆ ಬಂದರು. ಬೆರಳೆಲ್ಲ ಸೀಸದ ಮಸಿ.

“ತಮ್ಮಾ, ‘ವಾ’ ಮೊಳೆ ಮುಗೀತು. ಮೂರನೇ ಪೇಜು ಅಚ್ಚಾಗಿ, ಮೊಳೆ ಬಿಚ್ಚಿ ಕೇಸಿಗೆ ಹಾಕೋ ತನಕ ಕಾಯಬೇಕು. ಇಲ್ಲಾ, ವಾದ ಕಮ್ಮಿ ಮಾಡು.”

ಸಂಪಾದಕರು ನಗಲಿಲ್ಲ. ಹಸ್ತಪ್ರತಿ ಇಸಿದುಕೊಂಡು ಕೆಂಪು ಪೆನ್ಸಿಲ್ ಕಿವಿಯಿಂದ ತೆಗೆದರು. ‘ಬಲಪಂಥದ ಊರುಗೋಲಿನ ಮೇಲೆ ನಿಂತ ಎಡಪಂಥೀಯ ಸರ್ಕಾರ’ ಎಂದು ನಾನು ಬಹಳ ಹೆಮ್ಮೆಯಿಂದ ಬರೆದ ಸಾಲಿನ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ಬರೆದರು: ಯಾವ ವಿಷಯದಲ್ಲಿ? ಅದೇ ಪುಟದಲ್ಲಿ ಐದು ಕಡೆ ಅದೇ ಎರಡು ಪದ. ಯಾವ ವಿಷಯದಲ್ಲಿ? ಯಾವ ವಿಷಯದಲ್ಲಿ? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಲೇಖನ ಅಚ್ಚಾಗಲಿಲ್ಲ. ಅದೇ ಸರ್ಕಾರ ಆಮೇಲೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಕಾಯ್ದೆ ಮಾಡಿತು, ಸಚಿವ ಅಬ್ದುಲ್ ನಜೀರ್ ಸಾಬ್ ಹಿಂದೆ ನಿಂತು ಮಾಡಿಸಿದರು, 1987ರಲ್ಲಿ ಚುನಾವಣೆಯಾಗಿ ಕಾಲುಭಾಗ ಸ್ಥಾನಗಳಲ್ಲಿ ಹೆಣ್ಣುಮಕ್ಕಳು ಕುಳಿತರು. ಅದು ಎಡವೋ ಬಲವೋ? ನಾನು ಇನ್ನೂ ಯಾವ ಕಪಾಟಿಗೂ ಹಾಕಿಲ್ಲ.

ಇನ್ನು ನಿಮ್ಮ ಒಂಬತ್ತನೇ ಪುಟದ ಕೋಷ್ಟಕ. ಎಡ, ಮಧ್ಯ, ಬಲ ಎಂದು ಮೂರು ಕಾಲಂ ಎಳೆದು ಹೆಸರುಗಳನ್ನು ತುಂಬಿದ್ದೀರಿ, ರೇಷನ್ ಅಂಗಡಿಯವನು ಕಾರ್ಡುದಾರರನ್ನು ತುಂಬುವ ಹಾಗೆ. ಈ ಎಡಬಲ ಹುಟ್ಟಿದ್ದು ಎಲ್ಲಿ ಎಂದು ನೀವೇ ನಾಲ್ಕನೇ ಪುಟದಲ್ಲಿ ಬರೆದಿದ್ದೀರಿ: 1789, ಫ್ರಾನ್ಸಿನ ರಾಷ್ಟ್ರೀಯ ಸಭೆ. ಬರೆದು ಮರೆತಿದ್ದೀರಿ. ಸಭೆ ಮಾಡಿದ ಕಾನೂನನ್ನು ತಡೆಹಿಡಿಯುವ ಅಧಿಕಾರ ದೊರೆಗಿರಬೇಕೋ ಬೇಡವೋ ಎಂಬ ಒಂದು ಪ್ರಶ್ನೆ ಅಲ್ಲಿ ಎದ್ದಿತ್ತು. ಇರಲಿ ಎಂದವರು ಸಭಾಧ್ಯಕ್ಷರ ಬಲಕ್ಕೆ ಸರಿದರು, ಬೇಡ ಎಂದವರು ಎಡಕ್ಕೆ. ಬ್ಯಾರನ್ ದ ಗೋವಿಲ್ ಎಂಬ ಸದಸ್ಯ, ಆ ಕಡೆಯವರ ಕೂಗಾಟ, ಬೈಗುಳ ತಪ್ಪಿಸಿಕೊಳ್ಳಲು ನಾವು ಬಲಗಡೆ ಹೋಗಿ ಕುಳಿತೆವು ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಅಂದರೆ ಪ್ರಶ್ನೆಯೊಂದು, ಕುರ್ಚಿಯೊಂದು, ಕಿವಿನೋವೂ ಒಂದು. ಪ್ರಶ್ನೆ ತೆಗೆದುಹಾಕಿ ಕುರ್ಚಿ ಮಾತ್ರ ಇಟ್ಟುಕೊಂಡರೆ ನಿಮ್ಮ ಕೋಷ್ಟಕ ಉಳಿಯುತ್ತದೆ.

ಎಡ ಕಾಲಂನಲ್ಲಿ ಮೊದಲ ಹೆಸರು ಬಸವಣ್ಣ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದು, ಜಾತಿಯ ಬುಡಕ್ಕೇ ಕೈಹಾಕಿದವರು, ಕಾಯಕ ದಾಸೋಹ ಹೇಳಿದವರು. ಅವರ ಪ್ರಶ್ನೆ ದೊಡ್ಡದು, ಆದರೆ ಅದು ಪ್ಯಾರಿಸ್ಸಿನ ಪ್ರಶ್ನೆಯಲ್ಲ. ಆರುನೂರು ವರ್ಷ ಆಮೇಲೆ ಹಾಕಿದ ಕುರ್ಚಿಯಲ್ಲಿ ಅವರನ್ನು ಎಳೆದು ಕೂರಿಸಿದರೆ ಹೆಚ್ಚುವುದು ಕುರ್ಚಿಯ ಗೌರವ, ಅವರದಲ್ಲ. ಅದೇ ಕಾಲಂನಲ್ಲಿ ಅಂಬೇಡ್ಕರ್. 1947ರಲ್ಲಿ ಮುಖ್ಯ ಕೈಗಾರಿಕೆಗಳೂ ಕೃಷಿಯೂ ಸರ್ಕಾರದ ಒಡೆತನದಲ್ಲಿರಬೇಕೆಂದು ಬರೆದರು, ಆ ವಿಷಯದಲ್ಲಿ ಎಡ, ಸರಿ. 1956ರಲ್ಲಿ ಕಠ್ಮಂಡುವಿನಲ್ಲಿ ಬುದ್ಧ, ಮಾರ್ಕ್ಸ್ ಇಬ್ಬರನ್ನೂ ತೂಗಿ ನೋಡಿ, ಹಿಂಸೆಯ, ಸರ್ವಾಧಿಕಾರದ ದಾರಿ ಬೇಡವೆಂದು ಬುದ್ಧನ ಕಡೆ ನಿಂತರಲ್ಲ, ಅದು ನಿಮ್ಮ ಯಾವ ಕಾಲಂ?

ಬಲ ಕಾಲಂನ ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ‘ಪರ್ಮಿಟ್ ಲೈಸೆನ್ಸ್ ರಾಜ್’ ಎಂದು ನೆಹರೂ ಸರ್ಕಾರವನ್ನು ಹೀಯಾಳಿಸಿದವರು. ಸರಿ, ಬಲ. 1962ರಲ್ಲಿ, 83ರ ವಯಸ್ಸಿನಲ್ಲಿ, ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಿ ಎಂದು ಕೇಳಲು ವಾಷಿಂಗ್ಟನ್ನಿಗೆ ಹೋಗಿ ಕೆನಡಿಯನ್ನು ಕಂಡವರೂ ಅವರೇ. ಮಧ್ಯ ಕಾಲಂನ ಹೆಸರುಗಳನ್ನು ಬಿಡಿ, ಎಲ್ಲಿ ಹಾಕಬೇಕೆಂದು ತಿಳಿಯದವರನ್ನೆಲ್ಲ ಅಲ್ಲಿ ತುರುಕಿದ್ದೀರಿ.

ಕೋಷ್ಟಕದ ಕೆಳಗೆ “ಭಾರತದ ಪಕ್ಷಗಳನ್ನು ಸಮಾಜವಾದಿ, ಬಂಡವಾಳವಾದಿ ಎಂದು ವಿಂಗಡಿಸಬಹುದು” ಎಂದಿದ್ದೀರಿ. ಕಾಗದದ ಮೇಲೆ ಖಂಡಿತ ಸಾಧ್ಯವಿಲ್ಲ! ಪ್ರಜಾಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ ಪ್ರಕಾರ, ಚುನಾವಣಾ ಆಯೋಗದಲ್ಲಿ ನೋಂದಾಯಿಸಿಕೊಳ್ಳುವ ಪಕ್ಷ ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವಗಳಿಗೆ ನಿಷ್ಠೆ ಇದೆಯೆಂದು ಬರೆದುಕೊಡಬೇಕು. ಮಾರುಕಟ್ಟೆಯೇ ದೇವರು ಎನ್ನುವವನೂ ಸಮಾಜವಾದಿ ಎಂದು ಸಹಿ ಹಾಕಿಯೇ ಬರಬೇಕು. 1980ರಲ್ಲಿ ಹುಟ್ಟಿದ ಬಿಜೆಪಿ ಗಾಂಧಿವಾದಿ ಸಮಾಜವಾದವನ್ನು ತನ್ನ ತತ್ತ್ವವೆಂದು ಹೇಳಿಕೊಂಡಿತ್ತು. ಈ ಒಂದು ಸಂಗತಿಯೇ ಒಂದು ಲೇಖನಕ್ಕೆ ಸಾಕು. ನೀವು ಅದರ ಪಕ್ಕದಲ್ಲೇ ನಡೆದು ಹೋಗಿದ್ದೀರಿ.

ಕೊನೆಗೆ, ನೀವು ಯಾವ ಪಂಥದವರು ಎಂದು ಹೇಳುವ ಅಂತರ್ಜಾಲದ ಟೆಸ್ಟ್ ತೆಗೆದುಕೊಂಡು ನಿಮಗೇನು ಬಂತೆಂದು ಹೇಳಿದ್ದೀರಿ. ಪಂಥಗಳನ್ನು ಗುರುತಿಸುವ ಎರಡು ಅಕ್ಷದ ನಕ್ಷೆಗಳಲ್ಲಿ ಹೆಸರುವಾಸಿಯಾದ ಒಂದನ್ನು ಮಾಡಿದ ಡೇವಿಡ್ ನೋಲನ್ 1971ರಲ್ಲಿ, ಸರ್ಕಾರದ ಕೈ ಎಲ್ಲೆಡೆ ಕಡಿಮೆಯಿರಲಿ ಎನ್ನುವ ಅಮೆರಿಕದ ಲಿಬರ್ಟೇರಿಯನ್ ಪಕ್ಷ ಕಟ್ಟಿದವರಲ್ಲಿ ಒಬ್ಬ. ಅವನ ನಕ್ಷೆಯಲ್ಲಿ ವೈಯಕ್ತಿಕ, ಆರ್ಥಿಕ ಎರಡೂ ಬಗೆಯ ಸ್ವಾತಂತ್ರ್ಯಕ್ಕೆ ಪೂರ್ತಿ ಅಂಕ ಸಿಗುವ ಮೂಲೆ ಅವನದೇ ಪಂಥದ್ದು. ಊರಿನ ನಕ್ಷೆ ಬರೆದವನು ತನ್ನ ಮನೆಯನ್ನು ಎಲ್ಲಿಟ್ಟಿದ್ದಾನೆ ಎಂದು ಮೊದಲು ನೋಡಿಕೊಳ್ಳಿ.

ಈಗ ಹನ್ನೆರಡನೇ ಪುಟ, ನನ್ನ ಸಿಟ್ಟಿನ ನಿಜವಾದ ಮೂಲ. “ನಮ್ಮ ಅಜ್ಜ ಸಾಗರ ತಾಲ್ಲೂಕಿನಲ್ಲಿ ಗೇಣಿದಾರರಾಗಿದ್ದು, ಡಿಕ್ಲರೇಷನ್ ಹಾಕಿ ಜಮೀನು ಪಡೆದಿದ್ದರಿಂದ ಅವರನ್ನು ಎಡಪಂಥೀಯರೆಂದು ಪರಿಗಣಿಸಬಹುದು.”

‘ಪರಿಗಣಿಸಬಹುದು’! ಸ್ವಂತ ಅಜ್ಜನನ್ನು!

ಯಾವ ವಿಷಯದಲ್ಲಿ? 1951ರಲ್ಲಿ ನಿಮ್ಮದೇ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಹತ್ತಿದ್ದು ಯಾವ ವಾದಕ್ಕಲ್ಲ, ಗೇಣಿ ಭತ್ತ ಅಳೆಯುವ ಕೊಳಗಕ್ಕೆ. ಒಡೆಯರ ಕೊಳಗ ದೊಡ್ಡದು ಎಂದು ದೀವರ ಸಮುದಾಯದ ಗೇಣಿದಾರರು ತಿರುಗಿಬಿದ್ದರು. ಗಣಪತಿಯಪ್ಪನವರು ಆ ಗೇಣಿದಾರರನ್ನು ಸಂಘಟಿಸಿದರು, ಸಮಾಜವಾದಿಗಳು ಬಂದರು, ಶಾಂತವೇರಿ ಗೋಪಾಲಗೌಡರು ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಕಾನೂನು ಕೊನೆಗೆ ಬಂದಿದ್ದು ದೇವರಾಜ ಅರಸರ ಕಾಂಗ್ರೆಸ್ಸಿನಿಂದ, 1974ರಲ್ಲಿ. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ನಿಮ್ಮಜ್ಜ ಏಳನೇ ನಂಬರ್ ಫಾರಂ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಆ ಫಾರಮ್ಮಿನಲ್ಲಿ ಪಂಥ ಬರೆಯುವ ಜಾಗವಿರಲಿಲ್ಲ.

ಸಿಕ್ಕಿದ್ದೇನು? ಸಾಮೂಹಿಕ ಬೇಸಾಯವಲ್ಲ, ಖಾಸಗಿ ಒಡೆತನ. ದುಡಿಮೆ ಬೆರೆಸಿದವನದೇ ನೆಲ ಎಂದು ವಾದಿಸಿದ್ದು ನಿಮ್ಮ ‘ಉದಾರವಾದಿ’ ಲಾಕ್. ಸಹಕಾರಿ ಬೇಸಾಯ ಬೇಡ, ರೈತನ ನೆಲ ರೈತನ ಕೈಯಲ್ಲೇ ಇರಲಿ ಎಂದು ಹೋರಾಡಿದ್ದು ನಿಮ್ಮ ಬಲ ಕಾಲಂನ ರಾಜಾಜಿ. ಉಳುವವನೇ ಹೊಲದೊಡೆಯ ಎಂದು ಕೂಗಿದ್ದು ಎಡದವರು. ಪಹಣಿಯಲ್ಲಿ ಹೆಸರು ಬಿದ್ದ ದಿನ ಅಜ್ಜ ಇವರಲ್ಲಿ ಯಾರ ಕಡೆ? ಆಮೇಲೆ ತಮ್ಮ ಗದ್ದೆಗೆ ಆಳು ಕರೆದಾಗ ಕೂಲಿಯ ವಿಷಯದಲ್ಲಿ ಯಾರ ಕಡೆ? ಸಿದ್ಧಾಂತ ಎಂದರೆ ಏನು, ಹೇಗೆ ಗುಂಪಾಗುತ್ತದೆ ಎಂದು ನೀವು ಹದಿನಾಲ್ಕು ಪುಟ ಹುಡುಕಿದ್ದು ಆ ಒಂದು ಗದ್ದೆಯ ಬದುವಿನ ಮೇಲಿತ್ತು, ನೀವು ಅದಕ್ಕೆ ಒಂದು ಸಾಲು ಕೊಟ್ಟಿರಿ.

ಲೇಖನ ವಾಪಸು ಕಳಿಸುತ್ತಿದ್ದೇನೆ. ಮೂರನೇ ಮತ್ತು ಒಂಬತ್ತನೇ ಪುಟದ ಅಂಚುಗಳಲ್ಲಿ ಕೆಂಪು ಶಾಯಿ ಸ್ವಲ್ಪ ಜಾಸ್ತಿಯಾಗಿದೆ. ಕೈ ಹಳೆಯ ಚಾಳಿ ಬಿಡುವುದಿಲ್ಲ. ಮತ್ತೆ ಬರೆದರೆ ಕೋಷ್ಟಕ ಬೇಡ, ಎಂಟು ಪುಟ ಮೀರುವುದು ಬೇಡ. ಅಜ್ಜ ಇದ್ದರೆ ಹೋಗಿ ಕೇಳಿ. ಇಲ್ಲವಾದರೆ ಮನೆಯ ಟ್ರಂಕಿನಲ್ಲಿ ಮಂಡಳಿಯ ಆದೇಶದ ಪ್ರತಿ ಇದ್ದೀತು, ಹುಡುಕಿ. ಅಟ್ಟದ ಮೇಲೆ ಹಳೆಯ ಕೊಳಗ ಏನಾದರೂ ಉಳಿದಿದ್ದರೆ, ಅದರಲ್ಲಿ ಎಷ್ಟು ಸೇರು ಭತ್ತ ಹಿಡಿಯುತ್ತದೆ ಎಂದು ಅಳೆದು ನನಗೊಂದು ಸಾಲು ಬರೆಯಿರಿ.

ನಿಮ್ಮವ,
ಸಂಪಾದಕ